ದಟ್ಟ ಎಳೆಯ ಉಣ್ಣೆ ಗಾಲೀಚೆ: ನೀರು ಮುಟ್ಟಿಸುವ ಮೊದಲು ಧೂಳು ತೆಗೆಯಿರಿ

‘ಗಾಲೀಚೆಯನ್ನು ಮಾಳಿಗೆ ಮೇಲೆ ಹಾಸಿ, ನಳದ ಪೈಪ್ ಹಿಡಿದು, ಸೋಪಿನ ಪುಡಿ ಹಾಕಿ ತಿಕ್ಕಬಹುದೇ?’ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬೇಡ. ಉಣ್ಣೆಯ ದಟ್ಟ ಗಾಲೀಚೆ ಹಾಳಾಗುವುದು ಹೆಚ್ಚಾಗಿ ಕೊಳೆಯಿಂದಲ್ಲ, ತಪ್ಪಾಗಿ ತೊಳೆಯುವುದರಿಂದ.

ಈ ಪ್ರಶ್ನೆ ಯಾಕೆ ಬರುತ್ತದೆ ಎಂಬುದು ಅರ್ಥವಾಗುವಂಥದ್ದೇ. ನಮ್ಮ ಭಾಗದಲ್ಲಿ ಉಣ್ಣೆ ಎಂದರೆ ಕಂಬಳಿ. ಕಂಬಳಿಯನ್ನು ಹೊಳೆಗೆ ಒಯ್ದು ನೆನೆಸಿ, ಬಡಿದು, ಬಂಡೆ ಮೇಲೆ ಒಣಗಿಸಿದರೂ ಅದು ಇನ್ನಷ್ಟು ವರ್ಷ ಬಾಳುತ್ತದೆ. ಆದರೆ ಕಂಬಳಿ ಒಂದೇ ಪದರದ ಚಪ್ಪಟೆ ನೇಯ್ಗೆ. ಗಾಲೀಚೆಯಲ್ಲಿ ಕೆಳಗೆ ಹತ್ತಿಯದೋ ಸೆಣಬಿನದೋ ಒಂದು ತಳ, ಅದರ ಮೇಲೆ ಹುಲ್ಲಿನ ಹಾಗೆ ಎದ್ದು ನಿಂತ ಉಣ್ಣೆಯ ಎಳೆ, ಕೆಲವದರಲ್ಲಿ ನಡುವೆ ಅಂಟಿನ ಪದರ. ಈ ಮೂರೂ ನೀರಿಗೆ ಒಂದೇ ರೀತಿ ವರ್ತಿಸುವುದಿಲ್ಲ. ಉಣ್ಣೆ ಹಿಗ್ಗುತ್ತದೆ, ಹತ್ತಿ ಕುಗ್ಗುತ್ತದೆ, ಅಂಟು ಬಿಡುತ್ತದೆ.

ಎದ್ದು ನಿಂತ ಈ ಎಳೆಗಳಿಗೆ ಅಂಗಡಿಯವರು ‘ಪೈಲ್’ ಎನ್ನುತ್ತಾರೆ. ಸುಮಾರು ಒಂದು ಇಂಚಿಗಿಂತ ಉದ್ದವಿದ್ದರೆ ‘ಶ್ಯಾಗ್’ ಎಂದು ಮಾರುತ್ತಾರೆ. ಬೆರಳು ಇಳಿಸಿದರೆ ಮೊದಲ ಗೆಣ್ಣು ಮುಳುಗುವಂಥ ಗಾಲೀಚೆ ನಿಮ್ಮದಾಗಿದ್ದರೆ ಈ ಲೇಖನ ಅದಕ್ಕೇ.

ನಿಮ್ಮಲ್ಲಿರುವುದು ಯಾವ ಗಾಲೀಚೆ?

ಕೆಲಸ ಶುರುಮಾಡುವ ಮುಂಚೆ ಎರಡು ಪರೀಕ್ಷೆ ಮಾಡಲೇಬೇಕು. ಐದು ನಿಮಿಷದ ಕೆಲಸ.

ಮೊದಲನೆಯದು ಎಳೆಯದು. ಅಂಚಿನಲ್ಲಿ ಕಾಣದ ಕಡೆಯಿಂದ ಎರಡು-ಮೂರು ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಕಡ್ಡಿ ಗೀರಿ ಸುಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಿನಲ್ಲಿ ಪುಡಿಯಾದರೆ ಉಣ್ಣೆ. ಪ್ಲಾಸ್ಟಿಕ್ ವಾಸನೆ ಬಂದು, ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಅದಕ್ಕೆ ಇಷ್ಟೆಲ್ಲ ಜೋಪಾನ ಬೇಕಿಲ್ಲ. ಕಾಗದ ಸುಟ್ಟಂತೆ ಉರಿದು ಬೂದಿಯಾದರೆ ಅದು ಹತ್ತಿ ಅಥವಾ ವಿಸ್ಕೋಸ್, ಅಂದರೆ ಮರದ ತಿರುಳಿನಿಂದ ಮಾಡಿದ ನೂಲು. ‘ಬಾಂಬೂ ಸಿಲ್ಕ್’, ‘ಆರ್ಟ್ ಸಿಲ್ಕ್’ ಎಂದು ಮಿರುಗುವ ಎಳೆ ಸೇರಿಸಿ ಮಾರುವುದು ಸಾಮಾನ್ಯವಾಗಿ ಈ ವಿಸ್ಕೋಸನ್ನೇ. ಅದು ತೊಯ್ದಾಗ ಬಲ ಕಳೆದುಕೊಳ್ಳುತ್ತದೆ, ಒಣಗಿದ ಮೇಲೆ ಹಳದಿಗಟ್ಟಿ ಬಿರುಸಾಗುತ್ತದೆ. ಗಾಲೀಚೆಯಲ್ಲಿ ಇದು ಬೆರೆತಿದ್ದರೆ ಮನೆಯಲ್ಲಿ ನೀರಿನ ಕೆಲಸ ಮಾಡಲೇಬೇಡಿ. ಧೂಳು ತೆಗೆಯುವ ಹಂತಕ್ಕೇ ನಿಲ್ಲಿಸಿ.

ಎರಡನೆಯದು ತಳದ್ದು. ಗಾಲೀಚೆಯನ್ನು ತಿರುವಿ ಹಾಕಿ ನೋಡಿ. ಮೇಲಿನ ವಿನ್ಯಾಸವೇ ಹಿಂದೆಯೂ ಸಣ್ಣ ಸಣ್ಣ ಗಂಟುಗಳಲ್ಲಿ ಕಂಡರೆ ಅದು ಕೈಗಂಟಿನ ಗಾಲೀಚೆ. ಹಾಸಿನ ನೂಲಿಗೆ ಒಂದೊಂದೇ ಗಂಟು ಹಾಕಿ, ಹೊಕ್ಕಿನಿಂದ ಬಿಗಿದು ಮಾಡಿದ್ದು. ಹಿಂದೆ ವಿನ್ಯಾಸವೇ ಕಾಣದೆ ದಪ್ಪ ಬಟ್ಟೆ ಅಂಟಿಸಿದ್ದರೆ ಅದು ‘ಟಫ್ಟೆಡ್’. ಬಟ್ಟೆಗೆ ಎಳೆ ಚುಚ್ಚಿ, ಹಿಂದಿನಿಂದ ಲ್ಯಾಟೆಕ್ಸ್ ಎಂಬ ರಬ್ಬರಿನ ಅಂಟು ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಹಚ್ಚಿರುತ್ತಾರೆ. ಉತ್ತರ ಭಾರತದ ಭದೋಹಿ, ಪಾನಿಪತ್ ಕಡೆಯಿಂದ ಇಲ್ಲಿಗೆ ಬರುವ ಕಡಿಮೆ ಬೆಲೆಯ ದಟ್ಟ ಗಾಲೀಚೆಗಳಲ್ಲಿ ಈ ಬಗೆಯವು ಬಹಳ. ಇವನ್ನು ನೀರಲ್ಲಿ ನೆನೆಸಿದರೆ ಅಂಟು ಬಿಟ್ಟು, ತಳದ ಬಟ್ಟೆ ಗುಳ್ಳೆ ಏಳುತ್ತದೆ. ಮತ್ತೆ ಸರಿ ಮಾಡಲಾಗುವುದಿಲ್ಲ.

ಬೇಕಾಗುವ ಸಾಮಾನು

- ವ್ಯಾಕ್ಯೂಮ್ ಕ್ಲೀನರ್. ತಿರುಗುವ ಬ್ರಶ್ ಇಲ್ಲದ, ಬರೀ ಹೀರುವ ಚಪ್ಪಟೆ ಮೂತಿ ಬೇಕು.
- ಎರಡು ಹಳೆಯ ಬಿಳಿ ದುಪ್ಪಡಿ, ಎಂಟು-ಹತ್ತು ಬಿಳಿ ಹತ್ತಿ ಅರಿವೆ. ಬಣ್ಣದ ಅರಿವೆ ಬೇಡ, ತೊಯ್ದ ಉಣ್ಣೆಗೆ ಅದರ ಬಣ್ಣ ಹತ್ತುತ್ತದೆ.
- ಅಗಲ ಹಲ್ಲಿನ ಮರದ ಬಾಚಣಿಗೆ.
- ಉಣ್ಣೆ ಬಟ್ಟೆಗೆಂದೇ ಇರುವ ದ್ರವ ಸೋಪು, 20 ಮಿ.ಲೀ. ಅಂಗಡಿಯಲ್ಲಿ ಸಿಗುವ ‘ಈಜಿ’ (Ezee) ಥರದ್ದು ಸಾಕು.
- ಬಿಳಿ ವಿನೆಗರ್, 100 ಮಿ.ಲೀ. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.
- ಬಕೆಟ್ ಅಥವಾ ಟಬ್ ಎರಡು, ಮಜ್ಜಿಗೆ ಕಡೆಯುವ ಕಡಗೋಲು ಒಂದು.
- ಟೇಬಲ್ ಫ್ಯಾನ್, ಎರಡು ಹೊರಸು.

ದ್ರವ ಸೋಪು ಸಿಗದಿದ್ದರೆ ಅಂಟುವಾಳ ಬಳಸಬಹುದು; ಬಜಾರದಲ್ಲಿ ರೀಠಾ ಎಂದು ಕೇಳಿ. ಬೀಜ ತೆಗೆದ 10–12 ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಅರಿವೆಯಲ್ಲಿ ಎರಡು ಸಲ ಸೋಸಿ, ಪೂರ್ತಿ ಆರಿಸಿ. ಉಣ್ಣೆಗೆ ಹಿತವಾದದ್ದು. ಆದರೆ ಕಂದು ಛಾಯೆ ಬಿಡುತ್ತದೆ, ಬಿಳಿ ಅಥವಾ ಕೆನೆ ಬಣ್ಣದ ಗಾಲೀಚೆಗೆ ಬೇಡ.

ಬೇಡವೇ ಬೇಡವಾದ ವಸ್ತುಗಳು: ಬಟ್ಟೆ ಒಗೆಯುವ ಪುಡಿ, ವಾಷಿಂಗ್ ಸೋಡಾ, ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವ, ನೆಲ ಒರೆಸುವ ಫಿನೈಲ್. ಉಣ್ಣೆ ನಮ್ಮ ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಕ್ಷಾರ, ಅಂದರೆ ಸೋಡಾದ ಗುಣ, ಅದನ್ನು ಹಳದಿಗಟ್ಟಿಸಿ ಸವೆಸುತ್ತದೆ. ಬ್ಲೀಚ್ ಅದನ್ನು ಕರಗಿಸಿಯೇ ಬಿಡುತ್ತದೆ. ‘ಎನ್‌ಜೈಮ್ ಇದೆ’ ಎಂದು ಬರೆದ ಪುಡಿಗಳು ಕಲೆಯಲ್ಲಿರುವ ಪ್ರೋಟೀನನ್ನು ಒಡೆಯಲೆಂದು ಮಾಡಿದವು. ಅವುಗಳಿಗೆ ಮೊಟ್ಟೆಯ ಕಲೆಗೂ ನಿಮ್ಮ ಗಾಲೀಚೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಡಿಗೆ ಸೋಡಾ ಉದುರಿಸಿ ವ್ಯಾಕ್ಯೂಮ್ ಮಾಡುವ ಸಲಹೆಯೂ ಬಹಳ ಓಡಾಡುತ್ತಿದೆ. ಗಿಡ್ಡ ಎಳೆಯ ಗಾಲೀಚೆಗೆ ನಡೆದೀತು. ದಟ್ಟ ಎಳೆಯಲ್ಲಿ ಆ ನುಣ್ಣನೆಯ ಪುಡಿ ಬುಡಕ್ಕೆ ಇಳಿದು ಪೂರ್ತಿ ಹೊರಗೆ ಬರುವುದಿಲ್ಲ. ಮಳೆಗಾಲದ ತಂಪಿಗೆ ಗಟ್ಟಿಯಾಗಿ ಕೂರುತ್ತದೆ.

ನೀರು ಮತ್ತು ಕಾಲ

ವಿಜಯಪುರ, ಬಾಗಲಕೋಟೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ತೊಗರಿ ಬೇಳೆ ಬೇಗ ಬೇಯದ, ಸೋಪು ನೊರೆ ಬಿಡದ ನೀರು ನಿಮ್ಮದಾಗಿದ್ದರೆ ಗಾಲೀಚೆಗೆ ಅದನ್ನು ಬಳಸಬೇಡಿ. ಗಡಸು ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಬಿಳಿ ಜಿಗಟು ಆಗುತ್ತದೆ. ಅದು ಎಳೆಗೆ ಹತ್ತಿ, ಮುಂದೆ ಬೀಳುವ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ‘ತೊಳೆದ ಮೇಲೆ ಬೇಗ ಕೊಳೆಯಾಗುತ್ತಿದೆ’ ಎನ್ನುವವರ ಸಮಸ್ಯೆ ಹೆಚ್ಚಾಗಿ ಇದೇ. ಇಲ್ಲಿ ಹೇಳುವ ಕ್ರಮಕ್ಕೆ ಒಟ್ಟು ಐದಾರು ಲೀಟರ್ ನೀರು ಸಾಕು. ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಕೆಲಸ ಮುಗಿದು ಉಳಿಯುತ್ತದೆ.

ಕಾಲ ನೋಡಿ ಹಿಡಿಯಿರಿ. ಬೆಳಗಾವಿ, ಖಾನಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಲೀಚೆಗೆ ನೀರು ತಾಗಿಸಬೇಡಿ. ಸಹ್ಯಾದ್ರಿಯ ಮಗ್ಗುಲಿನ ಆ ತಂಪಿನಲ್ಲಿ ಅದು ಒಣಗುವುದೇ ಇಲ್ಲ. ಫೆಬ್ರುವರಿ, ಮಾರ್ಚ್ ಮೂರೂ ಜಿಲ್ಲೆಗೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದಲ್ಲಿ ಬೇಗ ಒಣಗುತ್ತದೆ ನಿಜ, ಆದರೆ ಮಧ್ಯಾಹ್ನದ ಗಾಳಿಗೆ ಹಾರುವ ಎರೆ ಮಣ್ಣಿನ ಧೂಳು ಹಸಿ ಗಾಲೀಚೆಯ ಮೇಲೇ ಬಂದು ಕೂರುತ್ತದೆ. ಆಗ ಮಾಡುವುದಾದರೆ ಬಾಗಿಲು ಹಾಕಿದ ಪಡಸಾಲೆಯಲ್ಲಿ ಫ್ಯಾನ್ ಕೆಳಗೆ ಮಾಡಿ.

ಹಂತ 1: ಹಿಂಬದಿಯ ಧೂಳು

ಕೆಲಸದ ದೊಡ್ಡ ಪಾಲು ಇದೇ. ಇದನ್ನು ಬಿಟ್ಟು ನೀರಿಗೆ ಹೋದರೆ, ಬುಡದಲ್ಲಿರುವ ಮಣ್ಣು ಕೆಸರಾಗಿ ಎಳೆಗೆ ಹತ್ತುತ್ತದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುವ ಜಾತಿ. ಹೊಲದಲ್ಲಿ ಚಪ್ಪಲಿಗೆ ಹೇಗೆ ಮೆತ್ತುತ್ತದೋ ಉಣ್ಣೆಗೂ ಹಾಗೇ ಮೆತ್ತುತ್ತದೆ. ಒಣಗಿದ್ದಾಗ ಅದೇ ಮಣ್ಣು ಉದುರಿ ಹೋಗುತ್ತದೆ.

ನೆಲಕ್ಕೆ ಬಿಳಿ ದುಪ್ಪಡಿ ಹಾಸಿ, ಗಾಲೀಚೆಯನ್ನು ಬೋರಲು ಹಾಕಿ. ಕೈಗಂಟಿನದಾದರೆ ಬೆತ್ತದಿಂದ ಅಥವಾ ಚಪ್ಪಟೆ ಹಲಗೆಯಿಂದ ಹಗುರಾಗಿ ತಟ್ಟಿ. ಟಫ್ಟೆಡ್ ಆದರೆ ಅಂಗೈಯಿಂದ ಮಾತ್ರ. ಒಂದು ತುದಿಯಿಂದ ಶುರುಮಾಡಿ ಗೇಣು ಗೇಣಾಗಿ ಮುಂದೆ ಸರಿಯಿರಿ. ನಂತರ ಹಿಂಬದಿಗೇ ವ್ಯಾಕ್ಯೂಮ್ ಹಿಡಿಯಿರಿ. ಗಾಲೀಚೆ ಎತ್ತಿ ದುಪ್ಪಡಿ ನೋಡಿ. ಎಷ್ಟೇ ‘ಸ್ವಚ್ಛ’ ಕಂಡ ಗಾಲೀಚೆಯಾದರೂ ಮೊದಲ ಸಲಕ್ಕೆ ಬೂದಿಯಂಥ ನುಣ್ಣನೆಯ ಮಣ್ಣು ಗೆರೆಗಟ್ಟಿ ಬಿದ್ದಿರುತ್ತದೆ. ವಿಜಯಪುರದ ಮನೆಯಲ್ಲಿ ಕರಿ ಬೂದು, ಬೆಳಗಾವಿಯ ಮಸಾರಿ ಮಣ್ಣಿನ ಕಡೆ ಕೆಂಪು. ಬೆರಳಲ್ಲಿ ಉಜ್ಜಿ ನೋಡಿ, ಅದರೊಳಗೆ ಚುರುಚುರು ಎನ್ನುವ ಮರಳಿನ ಕಣವೂ ಇರುತ್ತದೆ. ನೀವು ನಡೆದಾಗಲೆಲ್ಲ ಎಳೆಯ ಬುಡವನ್ನು ಕೊಯ್ಯುವುದು ಆ ಕಣವೇ. ದುಪ್ಪಡಿ ಝಾಡಿಸಿ ಮತ್ತೆ ಹಾಸಿ, ಮತ್ತೆ ತಟ್ಟಿ. ಬೀಳುವುದು ನಿಲ್ಲುವ ತನಕ, ಸಾಮಾನ್ಯವಾಗಿ ಮೂರು-ನಾಲ್ಕು ಸಲ.

ಬೀಳುವ ಪುಡಿ ಸೀಮೆಸುಣ್ಣದಂತೆ ಬೆಳ್ಳಗೆ ಅಥವಾ ಹಳದಿಯಾಗಿದ್ದರೆ ಕೈ ನಿಲ್ಲಿಸಿ. ಅದು ಧೂಳಲ್ಲ, ಟಫ್ಟೆಡ್ ಗಾಲೀಚೆಯ ಲ್ಯಾಟೆಕ್ಸ್ ಒಣಗಿ ಉದುರುತ್ತಿರುವುದು. ಅಂಥದ್ದಕ್ಕೆ ಮೇಲಿನಿಂದ ವ್ಯಾಕ್ಯೂಮ್ ಬಿಟ್ಟು ಬೇರೇನೂ ಮಾಡಬೇಡಿ.

ಅರಿವೆ ಒಣಹಾಕುವ ಹಗ್ಗಕ್ಕೆ ಗಾಲೀಚೆ ಎಸೆದು ಬಡಿಯುವುದು ಇನ್ನೊಂದು ರೂಢಿ. 5×8 ಅಡಿಯ ದಟ್ಟ ಉಣ್ಣೆ ಗಾಲೀಚೆ 12ರಿಂದ 15 ಕೆ.ಜಿ. ತೂಗುತ್ತದೆ. ಅಷ್ಟೂ ಭಾರ ಒಂದು ಹಗ್ಗದ ಗೆರೆಯ ಮೇಲೆ ಬಿದ್ದರೆ ತಳದ ನೂಲು ಅಲ್ಲೇ ಕಡಿಯುತ್ತದೆ. ನೇತುಹಾಕಲೇಬೇಕಾದರೆ ಅಗಲವಾದ ಕಟ್ಟೆ ಅಥವಾ ಮಾಳಿಗೆಯ ಗೋಡೆ ಬಳಸಿ.

ಹಂತ 2: ಮೇಲಿನಿಂದ ವ್ಯಾಕ್ಯೂಮ್

ಗಾಲೀಚೆ ಅಂಗಾತ ಹಾಸಿ. ಅಂಗೈಯಿಂದ ಸವರಿ, ಎಳೆ ಯಾವ ಕಡೆ ಮಲಗುತ್ತದೆ ನೋಡಿಕೊಳ್ಳಿ. ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ಎಳೆ ಬಿಡಿಸಿ, ಆಮೇಲೆ ಮೂತಿಯನ್ನು ಎಳೆಯ ಎದುರು ದಿಕ್ಕಿಗೆ ನಿಧಾನವಾಗಿ, ಕೊನೆಗೆ ಎಳೆ ಮಲಗುವ ದಿಕ್ಕಿಗೆ ಎಳೆಯಿರಿ. ಹೀರುವ ಬಲ ಕಡಿಮೆ ಇಡಿ. ಮೂತಿ ಗಾಲೀಚೆಗೆ ಕಚ್ಚಿಕೊಂಡರೆ ಗಾಳಿ ಆಡುವುದಿಲ್ಲ, ಧೂಳೂ ಬರುವುದಿಲ್ಲ. ತಿರುಗುವ ಬ್ರಶ್ ಇದ್ದರೆ ಬಂದ್ ಮಾಡಿ. ಉದ್ದ ಎಳೆಗಳು ಅದಕ್ಕೆ ಸುತ್ತಿಕೊಂಡು ಕಿತ್ತು ಬರುತ್ತವೆ.

ಹೊಸ ಗಾಲೀಚೆಯಾದರೆ ಡಬ್ಬಿ ತುಂಬ ಉಣ್ಣೆಯ ನಾರು ಬರುವುದಕ್ಕೆ ಹೆದರಬೇಡಿ. ನೂಲುವಾಗ ಉಳಿದ ಗಿಡ್ಡ ನಾರು ಅದು, ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ಎಲ್ಲೋ ಒಂದು ಎಳೆ ಉದ್ದಕ್ಕೆ ಹೊರಗೆ ಬಂದಿದ್ದರೆ ಕತ್ತರಿಸಿ, ಜಗ್ಗಬೇಡಿ.

ಹಂತ 3: ಬಣ್ಣ ಬಿಡುತ್ತದೆಯೇ?

ಮೂಲೆಯಲ್ಲಿ ಪ್ರತಿ ಬಣ್ಣದ ಮೇಲೂ ಸೋಪು ನೀರಿನಲ್ಲಿ ಅದ್ದಿ ಹಿಂಡಿದ ಬಿಳಿ ಅರಿವೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಬೇರೆ ಅರಿವೆಯಲ್ಲಿ ವಿನೆಗರ್ ನೀರಿನಿಂದಲೂ ಹಾಗೇ ಮಾಡಿ (ಎರಡರ ಅಳತೆಯೂ ಹಂತ 4ರಲ್ಲಿದೆ). ಅರಿವೆಗೆ ಬಣ್ಣ ಹತ್ತಿದರೆ ಇಲ್ಲಿಗೇ ನಿಲ್ಲಿಸಿ. ಕೆಂಪು ಮತ್ತು ಕಡುನೀಲಿಯ ಮೇಲೆ ವಿಶೇಷ ಗಮನವಿರಲಿ.

ಹಂತ 4: ನೊರೆಯಿಂದ ಒರೆಸುವುದು

ಗಾಲೀಚೆಗೆ ನೀರು ಹೋಗಬಾರದು, ನೊರೆ ಮಾತ್ರ ಹೋಗಬೇಕು. ನೊರೆಯಲ್ಲಿ ಸೋಪು ಇದೆ, ಗಾಳಿ ಇದೆ, ನೀರು ಅಲ್ಪ. ಹಾಗಾಗಿ ಎಳೆ ಶುದ್ಧವಾಗುತ್ತದೆ, ತಳ ಒಣಗಿಯೇ ಇರುತ್ತದೆ.

ಒಂದು ಲೀಟರ್ ನೀರಿಗೆ 10 ಮಿ.ಲೀ. ದ್ರವ ಸೋಪು ಹಾಕಿ. ನೀರು ತಣ್ಣಗಿರಲಿ ಅಥವಾ ಕೈಗೆ ಬಿಸಿ ಅನ್ನಿಸದಷ್ಟು ಇರಲಿ, 30 ಡಿಗ್ರಿ ಮೀರಬಾರದು. ಕಡಗೋಲಿನಿಂದ ಮಜ್ಜಿಗೆ ಕಡೆದಂತೆ ಕಡೆಯಿರಿ. ಮೇಲೆ ಗಟ್ಟಿ ನೊರೆ ಕಟ್ಟುತ್ತದೆ. ಆ ನೊರೆಯನ್ನಷ್ಟೇ ಕೈಯಲ್ಲಿ ಬಾಚಿ ತೆಗೆಯಿರಿ, ಕೆಳಗಿನ ನೀರು ಬೇಡ.

ಎರಡು ಅಡಿ ಉದ್ದ, ಎರಡು ಅಡಿ ಅಗಲದ ಭಾಗ ಒಂದೊಂದೇ ಹಿಡಿಯಿರಿ. 5×8 ಅಡಿಯ ಗಾಲೀಚೆಗೆ ಇಂಥ ಹತ್ತು ಭಾಗ. ಬಾಗಿಲಿನಿಂದ ದೂರದ ಮೂಲೆಯಿಂದ ಶುರುಮಾಡಿ. ನೊರೆ ಹರಡಿ, ಬೆರಳುಗಳನ್ನು ಎಳೆಯೊಳಗೆ ಇಳಿಸಿ, ತಲೆಗೆ ಎಣ್ಣೆ ಹಚ್ಚುವಾಗ ಕೂದಲಿನ ಉದ್ದಕ್ಕೆ ಸವರುವಂತೆ ಬುಡದಿಂದ ತುದಿಗೆ ಸವರಿ. ಗುಂಡಗೆ ತಿಕ್ಕಬೇಡಿ. ಉಣ್ಣೆಯ ನಾರಿನ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಹಸಿಯಾಗಿದ್ದಾಗ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕು ಜಡೆಗಟ್ಟುತ್ತವೆ. ಬಿಸಿ ನೀರು ಸೇರಿದರೆ ಇನ್ನೂ ಬೇಗ. ಜಡೆಗಟ್ಟಿದ ಉಣ್ಣೆಯನ್ನು ಬಿಡಿಸಲು ದಾರಿಯಿಲ್ಲ.

ಸವರಿದ ಕೂಡಲೇ ಆ ಭಾಗವನ್ನು ವಿನೆಗರ್ ನೀರಿನಿಂದ ಒರೆಸಿ: ಒಂದು ಲೀಟರ್‌ಗೆ 30 ಮಿ.ಲೀ., ಅಂದರೆ ಎರಡು ದೊಡ್ಡ ಚಮಚ. ಅರಿವೆ ಅದ್ದಿ, ಗಟ್ಟಿಯಾಗಿ ಹಿಂಡಿ, ಎಳೆಯ ದಿಕ್ಕಿಗೆ ಒರೆಸಿ. ಉಳಿದ ಸೋಪು ಬಿಡುತ್ತದೆ, ಕ್ಷಾರವಿದ್ದರೆ ಶಮನವಾಗುತ್ತದೆ. ವಾಸನೆ ಒಣಗಿದ ಮೇಲೆ ಇರುವುದಿಲ್ಲ. ಆಮೇಲೆ ಒಣ ಅರಿವೆ ಹಾಸಿ ಅಂಗೈಯಿಂದ ಒತ್ತಿ ತೇವ ತೆಗೆದು ಮುಂದಿನ ಭಾಗಕ್ಕೆ ಹೋಗಿ. ವಿನೆಗರ್ ನೀರು ಬಣ್ಣ ತಿರುಗಿದೊಡನೆ ಬದಲಿಸಿ. ಕೊಳೆ ನೀರಲ್ಲಿ ಒರೆಸಿದರೆ ಕೊಳೆಯನ್ನು ಹಂಚಿದಂತೆ.

ಹಂತ 5: ಒಣಗಿಸುವುದು

ಹೆಚ್ಚು ಗಾಲೀಚೆ ಕೆಡುವುದು ಈ ಹಂತದಲ್ಲಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಕೈಗೆ ಹಸಿ ಅನ್ನಿಸುವುದಿಲ್ಲ. ಮೇಲೆ ಮುಟ್ಟಿ ‘ಒಣಗಿದೆ’ ಎಂದು ಹಾಸಿದರೆ ಒಳಗೆ ಬೂಷ್ಟು ಹಿಡಿಯುತ್ತದೆ, ಮುಗ್ಗಲು ವಾಸನೆ ಬರುತ್ತದೆ. ತಳದಲ್ಲಿ ಸೆಣಬು ಅಥವಾ ಹತ್ತಿಯಿದ್ದು ಹೆಚ್ಚು ತೊಯ್ದಿದ್ದರೆ, ಅದರ ಕಂದು ಬಣ್ಣ ತೇವದ ಜೊತೆ ಮೇಲೇರಿ ಎಳೆಯ ತುದಿಯಲ್ಲಿ ಚಹಾ ಚೆಲ್ಲಿದಂತೆ ಕಾಣುತ್ತದೆ.

ಎರಡು ಹೊರಸುಗಳನ್ನು ಪಕ್ಕಪಕ್ಕ ಇಟ್ಟು, ಅವುಗಳ ಮೇಲೆ ದುಪ್ಪಡಿ ಹಾಸಿ ಗಾಲೀಚೆ ಹರಡಿ. ಕೆಳಗಿನಿಂದಲೂ ಗಾಳಿ ಆಡಬೇಕು. ಟೇಬಲ್ ಫ್ಯಾನ್ ಹೊರಸಿನ ಕೆಳಗೆ ಬೀಸುವಂತೆ ಇಡಿ, ಮೇಲೆ ಚಾವಣಿಯ ಫ್ಯಾನ್. ನೇರ ಬಿಸಿಲು ಬೇಡ, ಬಣ್ಣ ಮಾಸುತ್ತದೆ, ಎಳೆ ಬಿರುಸಾಗುತ್ತದೆ. ಅರ್ಧ ಒಣಗಿದಾಗ ಒಮ್ಮೆ ಬಾಚಣಿಗೆಯಿಂದ ಎಳೆಯ ದಿಕ್ಕಿಗೆ ಬಾಚಿ. ಹಾಗೇ ಬಿಟ್ಟರೆ ಗೊಂಚಲು ಗೊಂಚಲಾಗಿ ಅಂಟಿ ಒಣಗುತ್ತದೆ. ಮೂರು-ನಾಲ್ಕು ತಾಸಿಗೊಮ್ಮೆ ಮಗುಚಿ ಹಾಕಿ. 24 ತಾಸಿನೊಳಗೆ ಪೂರ್ತಿ ಒಣಗಲೇಬೇಕು.

ಒಣಗಿದ್ದು ತಿಳಿಯಲು ಎಳೆ ಸರಿಸಿ ಬುಡಕ್ಕೆ ತೆಳು ಟಿಶ್ಯೂ ಕಾಗದ ಇಟ್ಟು, ಮೇಲೆ ಭಾರದ ಪುಸ್ತಕ ಹೇರಿ. ಅರ್ಧ ತಾಸಿನ ನಂತರ ಕಾಗದ ಮೆತ್ತಗಾಗಿದ್ದರೆ ಅಥವಾ ಸುಕ್ಕಾಗಿದ್ದರೆ ಇನ್ನೂ ತೇವವಿದೆ. ದಪ್ಪ ಅಂಚಿನಲ್ಲೂ ನಡುವೆಯೂ ನೋಡಿ.

ಕಲೆಗಳು

ಯಾವ ಕಲೆಯಾದರೂ ಮೊದಲು ಒತ್ತಿ ಹೀರಿಸಿ, ತಿಕ್ಕಬೇಡಿ. ಹೊರಗಿನಿಂದ ನಡುವಿಗೆ ಬನ್ನಿ.

ಚಹಾ: ಒಣ ಅರಿವೆಯಿಂದ ಒತ್ತಿ, ಆಮೇಲೆ ವಿನೆಗರ್ ನೀರು, ನಂತರ ನೊರೆ, ಕೊನೆಗೆ ಮತ್ತೆ ವಿನೆಗರ್ ನೀರು.

ಎಣ್ಣೆಗಾಯಿ, ಶೇಂಗಾ ಹಿಂಡಿ, ದೀಪದ ಎಣ್ಣೆ: ನೀರು ತಾಗಿಸಬೇಡಿ. ಕಾರ್ನ್‌ಫ್ಲೋರ್ ಕಲೆಯ ಮೇಲಷ್ಟೇ ಉದುರಿಸಿ ಒಂದು ರಾತ್ರಿ ಬಿಟ್ಟು, ಬಾಚಿ ವ್ಯಾಕ್ಯೂಮ್ ಮಾಡಿ. ಎರಡು ಸಲ ಮಾಡಿ ಉಳಿದದ್ದಕ್ಕೆ ನೊರೆ.

ಅರಿಸಿನ: ಇದಕ್ಕೆ ಸೋಪು ಅಥವಾ ಸೋಡಾ ತಾಗಿಸಿದರೆ ಹಳದಿ ಹೋಗಿ ಕೆಂಪು ಮೂಡುತ್ತದೆ, ಕ್ಷಾರಕ್ಕೆ ಅರಿಸಿನ ಹಾಗೇ ವರ್ತಿಸುವುದು. ಗಾಬರಿಯಾಗಿ ಇನ್ನಷ್ಟು ತಿಕ್ಕಬೇಡಿ, ವಿನೆಗರ್ ನೀರು ಒತ್ತಿದರೆ ಹಳದಿಗೆ ಮರಳುತ್ತದೆ. ಉಳಿದ ಹಳದಿ ಬೆಳಕಿಗೆ ಮಾಸುತ್ತದೆ. ಆ ಜಾಗ ಬಿಟ್ಟು ಸುತ್ತ ಅರಿವೆ ಮುಚ್ಚಿ, ಕಿಟಕಿಯ ಬೆಳಗಿನ ಬಿಸಿಲಿಗೆ ದಿನಕ್ಕೊಂದು ತಾಸಿನಂತೆ ನಾಲ್ಕೈದು ದಿನ ಇಡಿ.

ಕುಂಕುಮ, ಬಣ್ಣದ ರಂಗೋಲಿ ಪುಡಿ: ಒಂದು ಹನಿ ನೀರು ಬಿದ್ದರೂ ಬಣ್ಣ ಉಣ್ಣೆಗೆ ಹತ್ತುತ್ತದೆ. ವ್ಯಾಕ್ಯೂಮಿನ ಮೂತಿಯನ್ನು ಮೇಲೆಯೇ ಹಿಡಿದು ಹೀರಿಸಿ.

ಕರದಂಟು: ಗೋಕಾಕದ್ದಾಗಲಿ ಅಮೀನಗಡದ್ದಾಗಲಿ, ಅದರಲ್ಲಿ ಬೆಲ್ಲದ ಜೊತೆ ಅಂಟು ಇದೆ. ಬೆಲ್ಲ ನೀರಿಗೆ ಕರಗುತ್ತದೆ, ಅಂಟು ಮಾತ್ರ ನೀರಿಗೆ ಉಬ್ಬಿ ಲೋಳೆಯಾಗಿ ಹರಡುತ್ತದೆ. ಹಾಗಾಗಿ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಇಟ್ಟು ಗಟ್ಟಿ ಮಾಡಿ, ಚಮಚದ ಹಿಂಬದಿಯಿಂದ ಒಡೆದು ತೆಗೆಯಿರಿ. ಉಳಿದ ಜಿಗಟಿಗೆ ಉಗುರು ಬೆಚ್ಚಗಿನ ಅರಿವೆ.

ರಕ್ತ, ಹಾಲು: ತಣ್ಣೀರು ಮಾತ್ರ. ಬಿಸಿಗೆ ಅವು ಹೆಪ್ಪುಗಟ್ಟಿ ಕೂರುತ್ತವೆ.

ಮಗುವಿನ ಉಚ್ಚೆ: ತಕ್ಷಣ ಒತ್ತಿ ಹೀರಿಸಿ, ವಿನೆಗರ್ ನೀರು ಎರಡು ಸಲ. ತಳದವರೆಗೆ ಇಳಿದು ದಿನಗಳಾಗಿದ್ದರೆ ಮನೆಯಲ್ಲಿ ಆಗುವ ಕೆಲಸವಲ್ಲ.

ನುಸಿ ಮತ್ತು ಎತ್ತಿಡುವುದು

ಸೋಫಾದ ಕೆಳಗಿನ ಕತ್ತಲ ಭಾಗವನ್ನು ತಿಂಗಳಿಗೊಮ್ಮೆ ಎಳೆ ಸರಿಸಿ ನೋಡಿ. ಅಕ್ಕಿ ಕಾಳಿನಷ್ಟು ಉದ್ದದ ಬಿಳಿ ಹುಳು, ಬಲೆಯಂಥ ನೂಲು, ಅಥವಾ ಕಂದು ರೋಮದ ಪುಟ್ಟ ಹುಳು ಕಂಡರೆ ಅವು ಉಣ್ಣೆ ತಿನ್ನುವ ಮರಿಗಳು. ಹಾರುವ ಪತಂಗ ತಿನ್ನುವುದಿಲ್ಲ, ತಿನ್ನುವುದು ಮರಿ. ಎರಡೂ ಬದಿ ವ್ಯಾಕ್ಯೂಮ್ ಮಾಡಿ, ಡಬ್ಬಿಯ ಕಸವನ್ನು ಆಗಲೇ ಮನೆಯ ಹೊರಗೆ ಹಾಕಿ. ಡಾಂಬರು ಗುಳಿಗೆಯನ್ನು ಮಕ್ಕಳು ಆಡುವ ಗಾಲೀಚೆಯ ಕೆಳಗೆ ಇಡಬೇಡಿ, ಅದರ ಆವಿ ವಿಷ. ಬೇವಿನ ಒಣ ಎಲೆ ಹುಳುವನ್ನು ದೂರ ಇಟ್ಟೀತು, ಇರುವ ಹುಳುವನ್ನು ಕೊಲ್ಲುವುದಿಲ್ಲ.

ಮಳೆಗಾಲಕ್ಕೆ ಎತ್ತಿಡುವುದಾದರೆ ಮಡಚಬೇಡಿ, ಎಳೆಯ ದಿಕ್ಕಿಗೆ ಸುರುಳಿ ಸುತ್ತಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಬೇಡಿ, ಹಳೆಯ ನೂಲಿನ ಸೀರೆ ಸುತ್ತಿ, ನೆಲದಿಂದ ಎತ್ತರದಲ್ಲಿ ಇಡಿ.

ವಾರಕ್ಕೊಮ್ಮೆ ವ್ಯಾಕ್ಯೂಮ್, ಮೂರು ತಿಂಗಳಿಗೊಮ್ಮೆ ಹಿಂಬದಿಯ ಧೂಳು, ವರ್ಷಕ್ಕೊಮ್ಮೆ ನೊರೆ. ಅದಕ್ಕಿಂತ ಹೆಚ್ಚು ನೊರೆ ಬೇಡ.

ಹೊರಗೆ ಕೊಡುವುದಾದರೆ

ಹಳೆಯ ಕೈಗಂಟಿನದು, ರೇಷ್ಮೆ ಬೆರೆತದ್ದು, ಬಣ್ಣ ಬಿಡುವಂಥದ್ದು ತಿಳಿದವರ ಕೈಗೇ ಹೋಗಬೇಕು. ಕೊಡುವ ಮುಂಚೆ ನಾಲ್ಕು ಮಾತು ಕೇಳಿ. ತೊಳೆಯುವ ಮೊದಲು ಧೂಳು ಹೇಗೆ ತೆಗೆಯುತ್ತೀರಿ? ಯಾವ ಸೋಪು? ಹಬೆ ಯಂತ್ರ ಹಾಕುತ್ತೀರಾ? ಎಲ್ಲಿ, ಎಷ್ಟು ತಾಸು ಒಣಗಿಸುತ್ತೀರಿ? ಉಣ್ಣೆಗೆ ಹಬೆ ಹಾಕುತ್ತೇವೆ ಎಂದರೆ, ಇಲ್ಲವೇ ‘ಮಾಳಿಗೆ ಮೇಲೆ ಬಿಸಿಲಿಗೆ ಹಾಕುತ್ತೇವೆ’ ಎಂದರೆ ಗಾಲೀಚೆಯನ್ನು ಹಾಗೇ ಮನೆಗೆ ವಾಪಸು ತನ್ನಿ. ಕೊಡುವ ದಿನ ನಾಲ್ಕೂ ಮೂಲೆ ಮತ್ತು ಹಿಂಬದಿಯ ಫೋಟೋ ತೆಗೆದು, ಉದ್ದ-ಅಗಲ ಅಳೆದು ಚೀಟಿಯಲ್ಲಿ ಬರೆಸಿಕೊಳ್ಳಿ. ತಂದ ದಿನ ಮತ್ತೆ ಅಳೆಯಿರಿ, ಬುಡಕ್ಕೆ ಕಾಗದ ಇಟ್ಟು ತೇವ ನೋಡಿ, ಆಮೇಲೆ ಹಾಸಿ.